ಎಷ್ಟು ಇಳಿಯಿತು ಸರಿ, ಏನು ಇಳಿಯಿತು?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಆ ಚೀಟಿ ಕಣ್ಣಿಗೆ ಬೀಳುತ್ತದೆ. ಲೈಟು ಕಂಬಕ್ಕೋ, ಬಸ್ ನಿಲ್ದಾಣದ ಗೋಡೆಗೋ, ಪಾರ್ಕಿನ ಗೇಟಿಗೋ ಅಂಟಿಸಿರುತ್ತಾರೆ. '30 ದಿನದಲ್ಲಿ 10 ಕೆ.ಜಿ. ಇಳಿಸಿ' ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೊಂದು ಮೊಬೈಲ್ ನಂಬರು. ಓದಿ ನಕ್ಕು ಮುಂದೆ ಹೋಗುವವರಿದ್ದಾರೆ, ಆಚೀಚೆ ನೋಡಿ ನಂಬರು ಬರೆದುಕೊಳ್ಳುವವರೂ ಇದ್ದಾರೆ. ಬರೆದುಕೊಳ್ಳುವ ಮೊದಲು ಆ ಒಂದು ಸಾಲಿನ ಲೆಕ್ಕ ಮಾಡಿ ನೋಡಬಹುದು. ಪ್ರೈಮರಿ ಶಾಲೆಯ ಭಾಗಾಕಾರ ಬಂದರೆ ಸಾಕು.

ಒಂದು ಕಿಲೊ ಮೈಕೊಬ್ಬಿನಲ್ಲಿ ಕೂಡಿಟ್ಟ ಶಕ್ತಿ ಸುಮಾರು 7,700 ಕ್ಯಾಲೊರಿ. ಹತ್ತು ಕಿಲೊಗೆ 77,000. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 2,500ಕ್ಕೂ ಮೇಲಾಯಿತು. ಕೂತು ಕೆಲಸ ಮಾಡುವ 55 ಕಿಲೊ ತೂಕದ ಹೆಂಗಸಿಗೆ ದಿನವಿಡೀ ಖರ್ಚಾಗುವುದು 1,660 ಕ್ಯಾಲೊರಿ, 65 ಕಿಲೊ ತೂಕದ ಗಂಡಸಿಗೆ 2,110 ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ತೂಕ ಹೆಚ್ಚಿದ್ದವರಿಗೆ ಇನ್ನಷ್ಟು ಬೇಕು, ಆದರೆ ದುಪ್ಪಟ್ಟೇನೂ ಅಲ್ಲ. ಅಂದಮೇಲೆ ನಮ್ಮಲ್ಲಿ ಬಹುತೇಕರು ತಿಂಗಳಿಡೀ ಒಂದು ತುತ್ತೂ ಮುಟ್ಟದೆ ನೀರು ಕುಡಿದುಕೊಂಡೇ ಕೂತರೂ ಹತ್ತು ಕಿಲೊ ಕೊಬ್ಬು ಕರಗುವುದಿಲ್ಲ.

ಆದರೂ ಆ ನಂಬರಿಗೆ ಫೋನ್ ಮಾಡಿ ದುಡ್ಡು ಕಟ್ಟಿದವರಲ್ಲಿ ಕೆಲವರ ತೂಕ ಮೊದಲ ವಾರದಲ್ಲೇ ಎರಡು ಕಿಲೊ ಇಳಿದಿರುತ್ತದೆ. ಅದು ಸುಳ್ಳಲ್ಲ. ಇಳಿದದ್ದು ಏನು ಎನ್ನುವುದಷ್ಟೇ ಪ್ರಶ್ನೆ.

ಯಕೃತ್ತು ಮತ್ತು ಸ್ನಾಯುಗಳಲ್ಲಿ ದೇಹ ಅರ್ಧ ಕಿಲೊದಷ್ಟು ಪಿಷ್ಟವನ್ನು ಕೈಗೆಟುಕುವಂತೆ ಇಟ್ಟುಕೊಂಡಿರುತ್ತದೆ. ಗ್ಲೈಕೋಜನ್ ಎಂದು ಅದರ ಹೆಸರು. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅನ್ನ, ಮುದ್ದೆ, ರೊಟ್ಟಿ ಎಲ್ಲವನ್ನೂ ದಿಢೀರನೆ ಬಿಟ್ಟರೆ ಮೊದಲು ಖಾಲಿಯಾಗುವುದು ಈ ದಾಸ್ತಾನು, ಅದರ ಜೊತೆಗೆ ನೀರು. ಎರಡು ಕಿಲೊ ಹೋಯಿತು ಎಂದು ಮನೆಮಂದಿಯೆಲ್ಲ ಹಿಗ್ಗುವುದು ಆಗಲೇ. ಮುಂದಿನ ಭಾನುವಾರ ಯಾರದೋ ಮನೆಯ ಗೃಹಪ್ರವೇಶದಲ್ಲಿ ಚಿತ್ರಾನ್ನ, ಹೋಳಿಗೆ ಉಂಡು ಬಂದರೆ ಸೋಮವಾರ ಬೆಳಗ್ಗೆ ಆ ನೀರು ವಾಪಸ್ ಬಂದಿರುತ್ತದೆ. ಒಂದೇ ಊಟಕ್ಕೆ ಎರಡು ಕಿಲೊ ಏರಿತೆಂದು ಅಳುವುದಕ್ಕೂ ಮೊದಲು ಹಿಗ್ಗಿದ್ದಕ್ಕೂ ಕಾರಣ ಒಂದೇ. ಎರಡರಲ್ಲೂ ಕೊಬ್ಬಿನ ಮಾತೇ ಇಲ್ಲ.

ನೀರು ಹೋದರೆ ಬರುತ್ತದೆ. ನಷ್ಟವೆಂದರೆ ಸ್ನಾಯು ಹೋಗುವುದು. ಯಾರೇ ತೂಕ ಇಳಿಸಿದರೂ ಇಳಿದದ್ದರಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು ಇರುತ್ತದೆ. ಹೊಟ್ಟೆಗೆ ಏನೂ ಹಾಕದೆ, ಮೈ ಬಗ್ಗಿಸದೆ ಅವಸರದಲ್ಲಿ ಇಳಿಸಿದವರಲ್ಲಿ ಈ ಪಾಲು ಇನ್ನೂ ಏರುತ್ತದೆ. ಆಮೇಲೆ ತೂಕ ಮರಳಿದಾಗ ಬರುವುದರಲ್ಲಿ ಹೆಚ್ಚಿನದು ಕೊಬ್ಬು. ಹೀಗೆ ಎರಡು ಮೂರು ಸಲ ಇಳಿಸಿ ಏರಿಸಿದವರು ಮೊದಲಿನ ತೂಕಕ್ಕೇ ಬಂದು ನಿಂತರೂ ಮೊದಲಿನ ದೇಹಕ್ಕೆ ಬಂದಿರುವುದಿಲ್ಲ. ನಲವತ್ತು ದಾಟಿದವರಿಗೆ ಮೆಟ್ಟಿಲು ಹತ್ತುವಾಗ ಇದರ ಅರಿವಾಗುತ್ತದೆ.

ಭಾರತೀಯರಿಗಂತೂ ಸ್ನಾಯುವಿನ ವಿಷಯದಲ್ಲಿ ದುಂದು ಮಾಡುವಷ್ಟು ಐಶ್ವರ್ಯ ಇಲ್ಲ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತ ಫೋಟೊ ಪ್ರಕಟವಾಗಿತ್ತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3, ಒಂದಿಷ್ಟೂ ವ್ಯತ್ಯಾಸವಿಲ್ಲ. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಹೊಟ್ಟೆಯ ಸುತ್ತ ಜಾಸ್ತಿ, ಕೈಕಾಲಿನಲ್ಲಿ ಸ್ನಾಯು ಕಮ್ಮಿ. ನಮ್ಮಲ್ಲಿ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಕೆಳಗಿನ ಗೆರೆ ಎಳೆದದ್ದು ಇದೇ ಕಾರಣಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ಶೇ 30ರ ಆಸುಪಾಸು ಮಂದಿ 25ರ ಗೆರೆ ದಾಟಿದ್ದರು. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ 17ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಎರಡನೆಯ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ವಾರಕ್ಕೆ ಅರ್ಧ ಕಿಲೊ

ಹಾಗಾದರೆ ಎಷ್ಟು ವೇಗ ಸರಿ? ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಅರ್ಧ ಕಿಲೊ ಇಳಿಸುವುದು ಸುರಕ್ಷಿತ, ತೂಕ ಇಳಿಸುವವರ ಊಟವೂ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು. ವಿದೇಶಗಳ ಆರೋಗ್ಯ ಇಲಾಖೆಗಳು ಅರ್ಧದಿಂದ ಒಂದು ಕಿಲೊ ಎನ್ನುತ್ತವೆ. ತೂಕ ಬಹಳ ಇದ್ದವರಿಗೆ ಒಂದು ಕಿಲೊ ಕಷ್ಟವಲ್ಲ. ಸಾಧಾರಣ ಮೈಕಟ್ಟಿನ ನಮ್ಮವರಿಗೆ ಅರ್ಧ ಕಿಲೊವೇ ಸರಿ ಎಂದು ನನಗನ್ನಿಸುತ್ತದೆ.

ಅರ್ಧ ಕಿಲೊ ಎಂದರೆ ವಾರಕ್ಕೆ 3,850 ಕ್ಯಾಲೊರಿ, ದಿನಕ್ಕೆ 550. ಕೇಳಿದ ಕೂಡಲೇ ನಮ್ಮ ಜನ ಮೊದಲು ಕೈ ಹಾಕುವುದು ಅನ್ನದ ಮೇಲೆ. 'ರಾತ್ರಿ ಅನ್ನ ಬಿಟ್ಟಿದೀನಿ ಕಣ್ರೀ, ಬರೀ ಚಪಾತಿ' ಎನ್ನುವವರು ಪ್ರತಿ ಕಚೇರಿಯಲ್ಲೂ ಇದ್ದಾರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, ನೂರು ಗ್ರಾಂ ಗೋಧಿ ಹಿಟ್ಟಿನಲ್ಲಿ 320, ರಾಗಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಚಪಾತಿಯ ಎರಡೂ ಬದಿಗೆ ಎಣ್ಣೆ ಸವರಿದರೆ ಆ ಸಣ್ಣ ಉಳಿತಾಯವೂ ಹೋಯಿತು. ರಾಗಿಯಲ್ಲಿ ನಾರು ಹೆಚ್ಚು, ಮುದ್ದೆ ಉಂಡರೆ ಹಸಿವು ತಡವಾಗಿ ಬರುತ್ತದೆ, ಆ ಗುಣ ಅದಕ್ಕಿದೆ. ಹಾಗೆಂದು ಎರಡು ದೊಡ್ಡ ಮುದ್ದೆ ನುಂಗಿ 'ನಾನು ಡಯಟ್‌ನಲ್ಲಿದ್ದೇನೆ' ಎನ್ನುವ ಹಾಗಿಲ್ಲ.

ಅಡುಗೆಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರುವುದು ಎಣ್ಣೆಯ ಕ್ಯಾನು. ಒಗ್ಗರಣೆಗೆ ಯಾರೂ ಅಳೆದು ಹಾಕುವುದಿಲ್ಲ. ಕ್ಯಾನು ಬಗ್ಗಿಸಿ, ಬಾಣಲೆಯ ತಳ ಮುಚ್ಚಿತು ಅನ್ನಿಸಿದಾಗ ಎತ್ತುವುದು. ಒಂದು ಬಾರಿ ದೊಡ್ಡ ಚಮಚದಲ್ಲಿ ಅಳೆದು ನೋಡಿ. ಒಂದು ಚಮಚಕ್ಕೆ ಸುಮಾರು 120 ಕ್ಯಾಲೊರಿ. ಬೆಳಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ, ಮಧ್ಯಾಹ್ನ ಪಲ್ಯಕ್ಕೆ, ಸಾರಿಗೆ, ರಾತ್ರಿ ಚಪಾತಿಗೆ, ನಡುವೆ ಸಂಡಿಗೆಗೆ. ತಲೆಗೆ ಐದು ಚಮಚ ಆರಾಮಾಗಿ ಆಗುತ್ತದೆ. 2,000 ಕ್ಯಾಲೊರಿಯ ಊಟಕ್ಕೆ ಪೋಷಣಾ ಸಂಸ್ಥೆ ಹೇಳುವುದು 27 ಗ್ರಾಂ, ಅಂದರೆ ಎರಡೇ ಚಮಚ. ಮೂರು ಚಮಚ ಉಳಿಸಿದರೆ 360 ಕ್ಯಾಲೊರಿ ಹೋಯಿತು. ದಿನಕ್ಕೆ ಐದು ಲೋಟ ಕಾಫಿ ಕುಡಿಯುವವರು ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ 50 ಗ್ರಾಂ ಸಕ್ಕರೆ ತಿಂದಿರುತ್ತಾರೆ, ಅದು 200. ಎರಡೂ ಸೇರಿ 560 ಆಯಿತು. ಅನ್ನ ಮುಟ್ಟಲಿಲ್ಲ, ಹಬ್ಬ ಬಿಡಲಿಲ್ಲ, ಆಮದು ಬೀಜಗಳ ಡಬ್ಬಿ ತರಲಿಲ್ಲ. ಕಾಫಿಯ ಸಕ್ಕರೆ ಒಂದೇ ದಿನ ಬಿಡಬೇಕಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ನಾಲಿಗೆ ಜಗಳ ತೆಗೆಯುವುದಿಲ್ಲ.

ಲೆಕ್ಕ ಕಾಗದದ ಮೇಲೆ ಇಷ್ಟು ಚೆನ್ನಾಗಿ ಕೂರುತ್ತದೆ, ಮೈಯಲ್ಲಿ ಕೂರುವುದಿಲ್ಲ, ಅದನ್ನೂ ಹೇಳಬೇಕು. ದೇಹ ಚಿಕ್ಕದಾದಂತೆ ಅದರ ಖರ್ಚೂ ಚಿಕ್ಕದಾಗುತ್ತದೆ. ಮೊದಲ ತಿಂಗಳು ಇಳಿದ ವೇಗದಲ್ಲಿ ಆರನೆಯ ತಿಂಗಳು ಇಳಿಯುವುದಿಲ್ಲ, ನಡುವೆ ಎಲ್ಲೋ ಮುಳ್ಳು ಅಲ್ಲಾಡದೆ ನಿಂತುಬಿಡುತ್ತದೆ. ಅದು ನಿಮ್ಮ ಶಿಸ್ತಿನ ಸೋಲಲ್ಲ. ಆಗ ಊಟ ಇನ್ನಷ್ಟು ಕತ್ತರಿಸುವುದಕ್ಕಿಂತ ಕೆಲವು ವಾರ ಇದ್ದಲ್ಲೇ ಇರುವುದು ವಾಸಿ. ತೂಕದ ಶೇ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆಯಲ್ಲಿ ಫಲ ಕಾಣುತ್ತದೆ. 80 ಕಿಲೊದವರಿಗೆ ಅದು ನಾಲ್ಕರಿಂದ ಎಂಟು ಕಿಲೊ ಅಷ್ಟೆ.

ಎಣ್ಣೆ, ಸಕ್ಕರೆ ತೆಗೆದ ಜಾಗಕ್ಕೆ ಕಾಳು ಬರಬೇಕು. ನಮ್ಮ ತಿಳಿಸಾರಿನಲ್ಲಿ ಬೇಳೆಗಿಂತ ಪರಿಮಳವೇ ಹೆಚ್ಚು. ದಿನಕ್ಕೆ 85 ಗ್ರಾಂ ಬೇಳೆಕಾಳು ಬೇಕು ಎನ್ನುತ್ತದೆ ಪೋಷಣಾ ಸಂಸ್ಥೆ. ಅದರಿಂದ ಸಿಗುವ ಪ್ರೋಟೀನು ಇಪ್ಪತ್ತು ಗ್ರಾಂ. ಹುರುಳಿ ಸಾರನ್ನು ಕಟ್ಟಷ್ಟೇ ಬಸಿದು ಮಾಡದೆ ಕಾಳನ್ನೂ ತಿನ್ನುವುದು, ಹೆಸರುಕಾಳಿನ ಉಸಲಿ, ತಟ್ಟೆಯ ಮೂಲೆಯ ಎರಡು ಚಮಚ ಕೋಸಂಬರಿಯನ್ನು ಒಂದು ಬಟ್ಟಲಿಗೆ ಏರಿಸುವುದು, ತಿನ್ನುವವರಿಗೆ ಮೊಟ್ಟೆ, ಮೀನು. ಜೊತೆಗೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ. ಜಿಮ್ಮೇ ಆಗಬೇಕಿಲ್ಲ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಐವತ್ತು ದಾಟಿದ ಹೆಂಗಸರಿಗೂ ಬರುತ್ತದೆ. ನಡಿಗೆ ಒಳ್ಳೆಯದೇ. ಆದರೆ ಐದು ಕಿಲೊಮೀಟರ್ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ. ಲಾಲ್‌ಬಾಗ್ ಸುತ್ತಿ ಬಂದು ದರ್ಶಿನಿಯಲ್ಲಿ ಎರಡು ಉದ್ದಿನವಡೆ ತಿಂದರೆ ಲೆಕ್ಕ ಚುಕ್ತಾ.

ಮಿನ್ನೆಸೋಟಾದ 36 ಯುವಕರು

ಹಸಿವಿನ ಬಗ್ಗೆ ನಡೆದ ಪ್ರಯೋಗಗಳಲ್ಲಿ ಅತಿ ಪ್ರಸಿದ್ಧವಾದದ್ದು ಎರಡನೆಯ ಮಹಾಯುದ್ಧದ ಕೊನೆಯ ದಿನಗಳದ್ದು. ಯುರೋಪಿನಲ್ಲಿ ಹಸಿದವರಿಗೆ ಮತ್ತೆ ಉಣ್ಣಿಸುವುದು ಹೇಗೆ ಎಂದು ತಿಳಿಯಲು ಮಿನ್ನೆಸೋಟಾ ವಿಶ್ವವಿದ್ಯಾಲಯದ ಆ್ಯನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಅವರೆಲ್ಲ ಯುದ್ಧಕ್ಕೆ ಹೋಗಲು ಒಪ್ಪದೆ, ಸ್ವಂತ ಇಚ್ಛೆಯಿಂದ ಇದಕ್ಕೆ ಒಪ್ಪಿದವರು. 1945ರಲ್ಲಿ 24 ವಾರ ಅವರಿಗೆ ಆಲೂಗೆಡ್ಡೆ, ಟರ್ನಿಪ್, ಬ್ರೆಡ್ಡು, ಮ್ಯಾಕರೋನಿಯ ಊಟ, ದಿನಕ್ಕೆ ಸುಮಾರು 1,570 ಕ್ಯಾಲೊರಿ. ವಾರಕ್ಕೆ 35 ಕಿಲೊಮೀಟರ್ ನಡೆಯಬೇಕು.

ತಿಂಗಳುಗಳು ಕಳೆದಂತೆ ಅವರಿಗೆ ಬೇಸಿಗೆಯಲ್ಲೂ ಚಳಿ. ಕೂದಲು ಉದುರಿತು, ಸಿಡುಕು, ಖಿನ್ನತೆ, ಯಾವುದರಲ್ಲೂ ಆಸಕ್ತಿ ಇಲ್ಲ. ಇದ್ದ ಒಂದೇ ಆಸಕ್ತಿ ಊಟದ್ದು: ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದಿದರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದ ಮೇಲೆ ಹಲವರಿಗೆ ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿ ಇರಲಿಲ್ಲ.

ನನಗೆ ಮುಖ್ಯವೆನಿಸುವುದು ಸಾಮಾನ್ಯವಾಗಿ ಯಾರೂ ಎತ್ತಿ ಹೇಳದ ಒಂದು ಲೆಕ್ಕ. ಅವರ ಸರಾಸರಿ ತೂಕ 69 ಕಿಲೊದಿಂದ ಸುಮಾರು 53ಕ್ಕೆ ಇಳಿಯಿತು. 24 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 700 ಗ್ರಾಂ. ಇಂದಿನ ವಿದೇಶಿ ಮಾರ್ಗಸೂಚಿಗಳಲ್ಲಿ 'ಸುರಕ್ಷಿತ' ಎನ್ನಿಸಿಕೊಳ್ಳುವ ವೇಗವೇ ಅದು! ವೇಗ ಸರಿಯಿತ್ತು, ಇಳಿಸಬೇಕಾದ ದೇಹಗಳು ಅವಲ್ಲ. ಕರಗಿಸಲು ಕೊಬ್ಬೇ ಇಲ್ಲದವರಿಗೆ ಸುರಕ್ಷಿತ ವೇಗವೆಂಬುದು ಇಲ್ಲ. 50 ಕಿಲೊ ಇರುವ ಕಾಲೇಜು ಹುಡುಗಿ 45ಕ್ಕೆ ಇಳಿಯಬೇಕೆಂದು ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ತರುತ್ತಿದ್ದರೆ ಮನೆಯವರು ಅವಳ ಶಿಸ್ತನ್ನು ಹೊಗಳಬಾರದು, ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಶೇ 17ರ ಸಂಖ್ಯೆ ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೆ.

ಇನ್ನೊಂದು ತುದಿಯಲ್ಲಿ ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ಟಿ.ವಿ. ಸ್ಪರ್ಧೆ ಇದೆ. ಅದರ 14 ಸ್ಪರ್ಧಿಗಳನ್ನು ಆರು ವರ್ಷದ ಬಳಿಕ ಕೆವಿನ್ ಹಾಲ್ ಮತ್ತು ಸಂಗಡಿಗರು ಮತ್ತೆ ಪರೀಕ್ಷಿಸಿದರು. ವರದಿ ಬಂದದ್ದು 2016ರಲ್ಲಿ. ಸರಾಸರಿ 58 ಕಿಲೊ ಇಳಿಸಿದ್ದವರಿಗೆ 41 ಕಿಲೊ ಮರಳಿತ್ತು. ವಿಶ್ರಾಂತಿಯಲ್ಲಿದ್ದಾಗ ಅವರ ದೇಹ ಖರ್ಚು ಮಾಡುತ್ತಿದ್ದದ್ದು ಆ ಗಾತ್ರದ ದೇಹದಿಂದ ನಿರೀಕ್ಷಿಸುವುದಕ್ಕಿಂತ ದಿನಕ್ಕೆ 500 ಕ್ಯಾಲೊರಿ ಕಡಿಮೆ. ಬರ ಬಂದಿತ್ತೆಂದು ಹೆದರಿದ ದೇಹ ಮಳೆ ಬಂದ ಮೇಲೂ ಕೈ ಬಿಗಿ ಹಿಡಿದೇ ಇತ್ತು.

ಹಾಗಾದರೆ ನಿಧಾನವಾಗಿ ಇಳಿಸಿದರೆ ಮರಳಿ ಬರುವುದಿಲ್ಲವೇ? ಹಾಗೆಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಪೂರ್ತಿ ನಿಜವಲ್ಲ. ಮೆಲ್ಬರ್ನ್‌ನಲ್ಲಿ 200 ಮಂದಿಯ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಜನ 12 ವಾರದಲ್ಲಿ, ಉಳಿದವರು 36 ವಾರದಲ್ಲಿ ತೂಕ ಇಳಿಸಿದರು. ಮೂರು ವರ್ಷ ಆಗುವಷ್ಟರಲ್ಲಿ ಎರಡೂ ಗುಂಪಿನವರಿಗೆ ಇಳಿದದ್ದರಲ್ಲಿ ಶೇ 70ರಷ್ಟು ಮರಳಿತ್ತು. ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯಷ್ಟೇ ಕೊಟ್ಟು, ಒಂದು ವರ್ಷದ ಹೊತ್ತಿಗೆ ಶೇ 46 ಮಂದಿಯ ಮಧುಮೇಹವನ್ನು ಮಾತ್ರೆಯಿಲ್ಲದ ಸ್ಥಿತಿಗೆ ತಂದದ್ದೂ ಉಂಟು. ಆದರೆ ಇವೆಲ್ಲ ನಡೆದದ್ದು ಡಾಕ್ಟರ ಕಣ್ಗಾವಲಿನಲ್ಲಿ, ಪೋಷಕಾಂಶ ಅಳೆದು ತುಂಬಿಸಿದ ಪೊಟ್ಟಣಗಳ ಮೇಲೆ. ಲೈಟು ಕಂಬದ ನಂಬರಿನವನ ಹತ್ತಿರ ಅದಾವುದೂ ಇಲ್ಲ. ಯಾರ ಉಸ್ತುವಾರಿಯೂ ಇಲ್ಲದೆ ಮನೆಯಲ್ಲೇ ಇಳಿಸುವವರಿಗೆ ನಿಧಾನ ಏಕೆ ಬೇಕೆಂದರೆ, ಸ್ನಾಯು ಉಳಿಯುತ್ತದೆ, ಅನಾಹುತ ತಪ್ಪುತ್ತದೆ. ಇಳಿಸುವಾಗ ಉಂಡ ಊಟವನ್ನೇ ಇಳಿಸಿದ ಮೇಲೂ ಉಣ್ಣಬಹುದು.

ಅನಾಹುತ ಎಂದದ್ದು ಹೆದರಿಸಲು ಅಲ್ಲ. ಕೊಬ್ಬು ಅವಸರದಲ್ಲಿ ಕರಗುವಾಗ ಯಕೃತ್ತು ಪಿತ್ತಕ್ಕೆ ಹೆಚ್ಚು ಕೊಲೆಸ್ಟರಾಲ್ ಸುರಿಯುತ್ತದೆ. ಊಟ ತಪ್ಪಿಸುವವರಲ್ಲಿ ಪಿತ್ತಕೋಶ ಸರಿಯಾಗಿ ಖಾಲಿಯಾಗುವುದಿಲ್ಲ. ನಿಂತ ಪಿತ್ತದಲ್ಲಿ ಕಲ್ಲು ಕಟ್ಟುತ್ತದೆ. ವಾರಕ್ಕೆ ಒಂದೂವರೆ ಕಿಲೊ ಮೀರಿದರೆ ಈ ಅಪಾಯ ಚೆನ್ನಾಗಿ ಏರುತ್ತದೆ. ಎರಡು ಮೂರು ತಿಂಗಳ ನಂತರ ಬಾಚಣಿಗೆ ತುಂಬ ಕೂದಲು ಬರುತ್ತದೆ, ಆಗ ನೀರನ್ನೋ ಶಾಂಪೂವನ್ನೋ ಬೈಯುತ್ತೇವೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ. ಮಾತ್ರೆ ಹಾಗೇ ಇಟ್ಟುಕೊಂಡು ಅನ್ನ ಅರ್ಧಕ್ಕೆ ಇಳಿಸಿದರೆ ಸಕ್ಕರೆ ಕುಸಿದು ನಡುರಾತ್ರಿ ಬೆವರಿ ಬೀಳಬಹುದು. ಬಿ.ಪಿ. ಮಾತ್ರೆಯವರಿಗೆ ತಲೆ ಸುತ್ತು. ಊಟ ಬದಲಿಸುವ ಮುಂಚೆಯೇ ಡಾಕ್ಟರಿಗೆ ಹೇಳಿ ಡೋಸು ಬದಲಿಸಿಕೊಳ್ಳಬೇಕು. ಬಸುರಿ, ಬಾಣಂತಿಯರಿಗೆ ಈ ಲೇಖನದ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.

ಉಪ್ಪಾಗೆಯ ಕತೆ

ಅಡ್ಡದಾರಿಗಳಲ್ಲಿ ಒಂದು ನಮ್ಮ ಮಲೆನಾಡಿನಿಂದಲೇ ಹೊರಟಿದೆ. ಶಿರಸಿ, ಸಿದ್ದಾಪುರ, ಸಾಗರದ ಕಡೆಯವರಿಗೆ ಉಪ್ಪಾಗೆ ಗೊತ್ತು. ಬೀಜದಿಂದ ತುಪ್ಪ ತೆಗೆಯುತ್ತಾರೆ, ಒಣಗಿದ ಸಿಪ್ಪೆ ಕೇರಳದ ಮೀನು ಸಾರಿಗೆ ಹುಳಿ. ಆ ಹುಳಿಯಲ್ಲಿ ಮುಖ್ಯವಾಗಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಈ ಆಮ್ಲ ಇಲಿಗಳಲ್ಲಿ ಕೊಬ್ಬು ಕಟ್ಟುವುದನ್ನು ತಡೆಯುತ್ತದೆಂದು ಎಪ್ಪತ್ತರ ದಶಕದಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಕಂಡಿತು. ತೊಂಬತ್ತರ ದಶಕಕ್ಕೆ ಅದು 'ಗಾರ್ಸಿನಿಯಾ' ಗುಳಿಗೆಯಾಗಿ ಅಂಗಡಿ ಸೇರಿತು, ಇತ್ತ ಕಾಡಿನಲ್ಲಿ ಉಪ್ಪಾಗೆಗೆ ಬೆಲೆ ಬಂತು. ಹಣ್ಣಾಗುವುದು ಸುರಿಯುವ ಮಳೆಗಾಲದಲ್ಲಿ. ಬಿಸಿಲಿಲ್ಲ, ಬೆಂಕಿಯ ಮೇಲೇ ಸಿಪ್ಪೆ ಒಣಗಿಸಬೇಕು. ಅದಕ್ಕೆ ರಾಶಿ ರಾಶಿ ಸೌದೆ ಉರಿಯಿತು, ಅವಸರದಲ್ಲಿ ಕಾಯಿ ಕೀಳುವವರು ಕೊಂಬೆಯನ್ನೇ ಕಡಿದರು.

ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ನಡೆದ ವರದಿ ಬಂದದ್ದು 1998ರಲ್ಲಿ, ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ. 135 ಮಂದಿ, 12 ವಾರ. ಗಾರ್ಸಿನಿಯಾ ನುಂಗಿದವರು ಇಳಿಸಿದ್ದು ಸರಾಸರಿ 3.2 ಕಿಲೊ, ಅದೇ ಊಟದ ಜೊತೆ ಸುಳ್ಳು ಗುಳಿಗೆ ನುಂಗಿದವರು 4.1 ಕಿಲೊ. ಇಷ್ಟು ಸ್ಪಷ್ಟವಾದ ಉತ್ತರ ಸಿಕ್ಕ ಮೇಲೂ ಆ ಗುಳಿಗೆ ಇಂದಿಗೂ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಗಾರ್ಸಿನಿಯಾ ಇರುವ ಪೂರಕಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ದಾಖಲಾಗಿವೆ. ಉಪ್ಪಾಗೆ ಸಾರಿನಲ್ಲಿರಲಿ.

ಪಾರ್ಕಿನ ಗೇಟಿನಲ್ಲಿ ಬೆಳಗ್ಗೆ ಆರಕ್ಕೇ ಸ್ಟೀಲ್ ಪಾತ್ರೆಗಳ ಸಾಲು ಹೂಡುವ ರಸದ ಗಾಡಿಯವರನ್ನು ಬೈಯಲು ಮನಸ್ಸಾಗುವುದಿಲ್ಲ. ಬೂದುಗುಂಬಳ ರಸ ಕುಡಿದರೆ ಕೊಬ್ಬು ಕರಗದು, ಕೆಡುವುದೂ ಏನಿಲ್ಲ. ಆದರೆ ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕೂ ಒಳಗೆ ಹೋಗಬಾರದು. ಕಹಿ ಸೋರೆಯ ವಿಷದಿಂದ ಸಾವುಗಳಾಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೇ ಎಚ್ಚರಿಕೆ ಕೊಟ್ಟಿದೆ. ಅರೆಯುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಬೇರೆ ರಸದ ಜೊತೆ ಬೆರೆಸಬೇಡಿ ಎಂದದ್ದು ಅದಕ್ಕೇ. ಹಾಗಲದ ಜೊತೆ ಬೆರೆಸಿದರೆ ಕಹಿ ಯಾವುದರದ್ದೆಂದು ಗೊತ್ತಾಗುವುದಿಲ್ಲ.

ತೂಕ ಇಳಿಸುವ ಚುಚ್ಚುಮದ್ದಿನ ಮಾತು ಬೇರೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. ಇವು ಕೆಲಸ ಮಾಡುತ್ತವೆ, ಬೇಕಾದವರಿಗೆ ವರವೂ ಹೌದು. ಆದರೆ ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿದ್ದು ಅಧ್ಯಯನದಲ್ಲಿ ಕಂಡಿದೆ. ಹಸಿವೇ ಆಗದ್ದರಿಂದ ಕಾಳು, ಮೊಟ್ಟೆ ಬಿಟ್ಟು ಬರೀ ಮಜ್ಜಿಗೆಯಲ್ಲಿ ದಿನ ನೂಕುವವರಿಗೆ ಸ್ನಾಯುವಿನ ನಷ್ಟವೂ ಇದೆ. ಔಷಧಿ ಅಂಗಡಿಯಲ್ಲಿ ಪರಿಚಯದ ಹುಡುಗನ ಕೈಯಿಂದ ತರಿಸಿಕೊಳ್ಳುವ ಸಾಮಾನು ಅದಲ್ಲ.

ಅಳತೆಯ ಬಗ್ಗೆ ಎರಡು ಮಾತು. ತೂಕ ದಿನಕ್ಕೆ ಮೂರು ಸಲ ನೋಡಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಎದ್ದ ಕೂಡಲೇ ನೋಡಿದರೆ ಸಾಕು. ಉಪ್ಪಿನಕಾಯಿ ಹೆಚ್ಚು ತಿಂದ ದಿನ, ಮುಟ್ಟಿನ ದಿನಗಳಲ್ಲಿ ನೀರು ನಿಂತು ಮುಳ್ಳು ಏರಿರುತ್ತದೆ. ಅದಕ್ಕಿಂತ ನಂಬಿಕಸ್ಥ ಅಳತೆ ಸೊಂಟದ್ದು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ಟೇಪು ಇಲ್ಲದಿದ್ದರೆ ನಿಮ್ಮ ಎತ್ತರಕ್ಕೆ ಒಂದು ದಾರ ಕತ್ತರಿಸಿ, ಅದನ್ನು ಎರಡಾಗಿ ಮಡಿಸಿ ಸೊಂಟಕ್ಕೆ ಸುತ್ತಿ. ತುದಿಗಳು ಕೂಡಬೇಕು. ಉಡಿದಾರ ಕಟ್ಟುವ ಗಂಡಸರಿಗೆ ಅದೂ ಬೇಡ. ಅದು ಬಿಗಿಯಾಯಿತೋ ಸಡಿಲಾಯಿತೋ ದಿನವೂ ತಿಳಿಯುತ್ತಿರುತ್ತದೆ.

ನಿಧಾನವಾಗಿ ಇಳಿಸುವುದರಲ್ಲಿ ಇನ್ನೊಂದು ಅನುಕೂಲ ಯಾವ ಮಾರ್ಗಸೂಚಿಯಲ್ಲೂ ಇಲ್ಲ. ಎರಡು ತಿಂಗಳಲ್ಲಿ ಹದಿನೈದು ಕಿಲೊ ಇಳಿಸಿ ಬೀದಿಗೆ ಬಂದರೆ ಎದುರು ಮನೆಯವರು ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತು: 'ಏನ್ರೀ ಹಿಂಗಾಗ್ಬಿಟ್ಟಿದೀರಾ, ಶುಗರ್ ಬಂತಾ?' ವಾರಕ್ಕೆ ಅರ್ಧ ಕಿಲೊದಂತೆ ಇಳಿಸಿದರೆ ಯಾರೂ ಗಮನಿಸುವುದಿಲ್ಲ. ಮೊದಲು ಕಂಡುಹಿಡಿಯುವವರು ಟೈಲರು. ಅಂದಹಾಗೆ, ಮದುವೆಗೆ ಮೂರು ತಿಂಗಳಿದೆ ಎಂದು ಅವಸರ ಪಡುವ ಹುಡುಗಿಯರಿಗೆ: ಮೂರು ತಿಂಗಳಿಗೆ ಆರು ಕಿಲೊ ಆಗುತ್ತದೆ, ಅದಕ್ಕಿಂತ ಹೆಚ್ಚು ಬೇಡ. ರವಿಕೆಯ ಅಳತೆಯನ್ನು ಕೊನೆಯ ತಿಂಗಳಲ್ಲಿ ಕೊಡಿ, ಒಳಗೆ ಎರಡು ಇಂಚು ಬಟ್ಟೆ ಬಿಡಲು ಹೇಳಿ.